ಗಿಡಕ್ಕೂ ಬೇಡದ ಪುಡಿ

ಆ ಹದಿನೈದು ದಿನ ಗಿಡದಕ್ಕನ ಬಾಯಲ್ಲಿ ಒಂದೇ ಮಾತು. "ನನ್ನ ತಮ್ಮನ್ನ ನೋಡಿ ಕಲೀರಿ! ಒಬ್ಬನೇ ಎರಡಾಳಿನ ಕೆಲಸ ಮಾಡ್ತಾನೆ!"

ಗಿಡದಕ್ಕ ಅಂದರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಸಸಿ ಮಾರುವವಳು. ಹಸಿರು ಪರದೆಯ ಕೆಳಗೆ ಸಾಲುಸಾಲು ಕುಂಡ, ಒಂದು ನೀರಿನ ತೊಟ್ಟಿ, ಕೆಮ್ಮುತ್ತಾ ಓಡುವ ಒಂದು ಹಳೇ ವ್ಯಾನು. ವ್ಯಾನು ಓಡಿಸುವವನು ತಮ್ಮ. ಅಕ್ಕನ ಮಗಳನ್ನು ದಿನಾ ಬೆಳಿಗ್ಗೆ ಶಾಲೆಗೆ ಬಿಡುವವನೂ ಅವನೇ. ಆ ತಿಂಗಳು ಹೊಸದಾಗಿ ಕಟ್ಟಿದ ದೊಡ್ಡ ಆಫೀಸೊಂದು ಮೂರು ಸಾವಿರ ಗಿಡ ಕೇಳಿತ್ತು. ಕುಂಡ ಹೊತ್ತು ಹೊತ್ತು ತಮ್ಮನ ಸೊಂಟ ಬಿದ್ದುಹೋಗಿತ್ತು. "ಅಕ್ಕಾ, ಆಗಲ್ಲ ನನ್ನ ಕೈಲಿ" ಅನ್ನುತ್ತಿದ್ದ. ಅಂಥವನು ಒಂದು ಸೋಮವಾರದಿಂದ ಇದ್ದಕ್ಕಿದ್ದಂತೆ ಹಾಡು ಹೇಳಿಕೊಂಡು ಕುಂಡ ಹೊರತೊಡಗಿದ. ಕೂತದ್ದೇ ಇಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದ. ಅಕ್ಕನಿಗೆ ಹಿಗ್ಗೋ ಹಿಗ್ಗು.

ಎದುರಿಗಿದ್ದ ಔಷಧಿ ಅಂಗಡಿಯ ಗೆಳತಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಅವಳನ್ನು ಬೀದಿಯವರೆಲ್ಲ ಮಾತ್ರೆಯಮ್ಮ ಅಂತ ಕರೆಯುತ್ತಿದ್ದರು. ಮಾತ್ರೆಗಿಂತ ಬೈಗುಳವನ್ನೇ ಜಾಸ್ತಿ ಕೊಡುವ ಹೆಂಗಸು ಅವಳು. ದಿನಾ ನಾಲ್ಕು ಗಂಟೆಗೆ ಚಹಾ ಕುಡಿಯಲು ಗಿಡದಕ್ಕನ ಹತ್ತಿರ ಬರುತ್ತಿದ್ದಳು.

"ಅಲ್ಲ ಕಣೇ, ನಿನ್ನ ತಮ್ಮ ಯಾಕೆ ಹಾಗೆ ಹಲ್ಲು ಕಡೀತಿದಾನೆ?"

"ಕೆಲಸದ ಹುರುಪು ಕಣೇ."

"ಹುರುಪಿಗೆ ದವಡೆ ಯಾಕೆ ಅಲ್ಲಾಡ್ಬೇಕು? ಕಣ್ಣು ನೋಡು, ಒಳಗಿನ ಕಪ್ಪು ಎಷ್ಟು ಅಗಲ ಆಗಿದೆ. ನೆರಳಲ್ಲಿ ನಿಂತೂ ಬೆವರು ಸುರೀತಿದೆ. ನಿದ್ದೆ ಮಾಡ್ತಾನಾ?"

"ಅವನ ರೂಮಿನ ದೀಪ ಆರೋದೇ ಇಲ್ಲ. ಲೆಕ್ಕ ಬರೀತಿರ್ತಾನೇನೋ."

"ಏಳನೇ ಕ್ಲಾಸಲ್ಲಿ ಲೆಕ್ಕಕ್ಕೆ ಹೆದರಿ ಶಾಲೆ ಬಿಟ್ಟೋನು, ಲೆಕ್ಕ ಬರೀತಾನಾ?"

"ಅಯ್ಯೋ ಹೋಗೇ! ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿಯಂತೆ. ನಿಂಗೆ ಆರೋಗ್ಯವಾಗಿರೋರೂ ರೋಗಿಗಳ ಥರ ಕಾಣ್ತಾರೆ" ಅಂತ ನಕ್ಕುಬಿಟ್ಟಳು ಗಿಡದಕ್ಕ.

ಭಾನುವಾರ ಬೆಳಿಗ್ಗೆ ಅಂಗಡಿಯ ನೀರಿನ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುವಾಗ ತಮ್ಮನ ಅಂಗಿಯ ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ಥಳಥಳ ಹೊಳೆಯುವ ಕಾಗದ, ಒಳಗೆ ಬಿಳಿ ಪುಡಿ. ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ಗಿಡಗಳ ಪೋಷಕ ಪುಡಿ. ಮನುಷ್ಯರ ಸೇವನೆಗೆ ಅಲ್ಲ."

ಗಿಡದಕ್ಕನ ಕಣ್ಣು ತುಂಬಿ ಬಂತು. ಸೊರಗಿದ ಕೆಂಪು ಗುಲಾಬಿಯ ಮುಂದೆ ಅವಳು ವಾರದಿಂದ ಗೊಣಗುತ್ತಿದ್ದಳು. "ಅಯ್ಯೋ ನನ್ನ ರಾಜ! ಅಕ್ಕನ ಗುಲಾಬಿಗೆ ಅಂತ ಗುಟ್ಟಾಗಿ ಗೊಬ್ಬರ ತಂದಿಟ್ಟಿದಾನೆ!" ಎಷ್ಟು ನೀರಿಗೆ ಎಷ್ಟು ಪುಡಿ ಅಂತ ಹುಡುಕಿದಳು. ಅಂಥದ್ದೇನೂ ಬರೆದಿರಲಿಲ್ಲ. ಹೊಸ ಕಂಪನಿ ಇರಬೇಕು, ಬುದ್ಧಿ ಸಾಲದು ಅಂದುಕೊಂಡಳು. ಇಡೀ ಪೊಟ್ಟಣವನ್ನು ಒಂದು ಡಬ್ಬಿ ನೀರಿಗೆ ಸುರಿದು, ಕಲಕಿ, ಗುಲಾಬಿಯ ಬುಡಕ್ಕೆ ಹೊಯ್ದಳು.

ಅಷ್ಟರಲ್ಲಿ ತಮ್ಮ ಬಂದ. "ಅಕ್ಕಾ, ನನ್ನ ನೀಲಿ ಅಂಗಿ ಎಲ್ಲಿ?"

"ಒಗೆದಾಯ್ತು. ನಿನ್ನ ಗೊಬ್ಬರಾನೂ ಗುಲಾಬಿಗೆ ಹಾಕಾಯ್ತು! ಕಳ್ಳ, ನಂಗೊಂದು ಮಾತು ಹೇಳ್ಲಿಲ್ವಲ್ಲೋ!"

ತಮ್ಮನ ಮುಖ ಬಿಳಿಚಿಕೊಂಡಿತು. ಕುಂಡದ ಮುಂದೆ ಮಂಡಿಯೂರಿ ಕುಸಿದು, ಹಸಿ ಮಣ್ಣನ್ನು ಎರಡೂ ಕೈಯಿಂದ ಕೆದಕತೊಡಗಿದ. "ಎಲ್ಲಾ ಹಾಕ್ಬಿಟ್ಯಾ? ಒಂಚೂರೂ ಉಳಿಸ್ಲಿಲ್ವಾ?"

ಗಿಡದಕ್ಕ ಮೊದಲು ನಕ್ಕಳು. "ಗೊಬ್ಬರಕ್ಕೆ ಯಾರಾದ್ರೂ ಹೀಗೆ ಒದ್ದಾಡ್ತಾರೇನೋ?" ಆಮೇಲೆ ಅವನು ತಲೆ ಎತ್ತಿ ನೋಡಿದ. ಅದು ಅವಳ ತಮ್ಮನ ನೋಟವೇ ಆಗಿರಲಿಲ್ಲ.

"ಗೊತ್ತು ನಂಗೆ! ಎಲ್ಲಾ ಸೇರ್ಕೊಂಡು ನನ್ನ ಮೇಲೆ ಕಣ್ಣಿಟ್ಟಿದ್ದೀರ! ನೀನು, ಆ ಮಾತ್ರೆಯಮ್ಮ, ಎಲ್ಲಾ!" ಅಂತ ಕಿರುಚಿದ. ಜನ್ಮದಲ್ಲಿ ಅಕ್ಕನ ಮುಂದೆ ದನಿ ಏರಿಸದವನು. ಮರುಕ್ಷಣವೇ ಎದೆ ಹಿಡಿದುಕೊಂಡ. "ಅಕ್ಕಾ... ಎದೆ ತುಂಬಾ ಹೊಡ್ಕೋತಿದೆ. ಭಯ ಆಗ್ತಿದೆ ಅಕ್ಕಾ."

ಅವನ ಕೈ ಮುಟ್ಟಿದರೆ ಕಾದ ಹಂಚಿನಂತೆ ಸುಡುತ್ತಿತ್ತು. ಗಿಡದಕ್ಕ ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಓಡಿದಳು.

ಮಾತ್ರೆಯಮ್ಮ ಬಂದಳು, ಬೈಯಲೇ ಇಲ್ಲ. ಬರುಬರುತ್ತಲೇ ಆಂಬ್ಯುಲೆನ್ಸಿಗೆ ಫೋನು ಮಾಡಿದ್ದಳು. ಸೇರಿದ್ದ ಜನರನ್ನು ಆಚೆ ಕಳಿಸಿ, ಅವನನ್ನು ನೆರಳಲ್ಲಿ ಕೂರಿಸಿ, ಅಂಗಿಯ ಗುಂಡಿ ಸಡಿಲಿಸಿ, ಕತ್ತಿಗೆ ಒದ್ದೆ ಬಟ್ಟೆ ಹಾಕಿದಳು. ಗುಟುಕು ಗುಟುಕಾಗಿ ನೀರು ಕುಡಿಸಿದಳು.

"ಪುಟ್ಟಾ, ನಾನು ಪೊಲೀಸ್ ಅಲ್ಲ. ಏನು ತಗೊಂಡೆ, ಯಾವಾಗ ತಗೊಂಡೆ ಹೇಳು. ನಿಜ ಹೇಳಿದ್ರೆ ಡಾಕ್ಟರಿಗೆ ಕೆಲಸ ಸುಲಭ, ನಿನ್ನ ಜೀವಕ್ಕೂ ಒಳ್ಳೇದು."

"ಆ ಪುಡೀನೇ. ಬೆಳಿಗ್ಗೆ. ಎರಡು ಸಲ" ಅಂದ, ಹಲ್ಲು ಕಟಕಟ ಅನ್ನುತ್ತಿತ್ತು.

"ಜೊತೆಗೆ ಕುಡಿತ, ಬೇರೆ ಮಾತ್ರೆ?"

"ಇಲ್ಲ ಅಕ್ಕಾ."

"ಒಳ್ಳೇದಾಯ್ತು. ಗಿಡದಕ್ಕ, ಅಳೋದು ಆಮೇಲೆ. ಆ ಖಾಲಿ ಪೊಟ್ಟಣ ಹುಡುಕಿ ತಾ, ಡಾಕ್ಟರಿಗೆ ತೋರಿಸ್ಬೇಕು. ಕೈ ಚೆನ್ನಾಗಿ ತೊಳ್ಕೋ."

ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಅವನ ಎದೆಬಡಿತ ಹತೋಟಿಗೆ ಬಂತು. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಅಂದರು ಡಾಕ್ಟರು. ಮಾರನೇ ದಿನ ಕಿಟಕಿ ಪಕ್ಕದ ಮಂಚದಲ್ಲಿ ಅವನು ಎದ್ದು ಕೂತು, ಎರಡು ವಾರದಲ್ಲಿ ಮೊದಲ ಸಲ "ಹಸಿವು" ಅಂದ. ಬ್ರೆಡ್ಡಿನ ಪೊಟ್ಟಣ ಖಾಲಿಯಾಗುವವರೆಗೂ ಮಾತ್ರೆಯಮ್ಮ ಕಾದಳು. ಆಮೇಲೆ ಹಳೇ ಬಾಕಿ ಬೈಗುಳವನ್ನೆಲ್ಲ ಒಟ್ಟಿಗೇ ತೀರಿಸಿದಳು.

ಬೈಸಿಕೊಂಡು ತಮ್ಮ ಸಣ್ಣ ದನಿಯಲ್ಲಿ ಹೇಳಿದ: "ನಾವು ಕುಂಡ ತರೋ ಗೋದಾಮಿನ ಹತ್ರ ಲಾರಿಯೋನೊಬ್ಬ ಕೊಟ್ಟ. ಅಂಗಡೀಲೇ ಸಿಗತ್ತೆ, ಕೇಸಿಲ್ಲ ಕಟ್ಲೆಯಿಲ್ಲ ಅಂದ. ಗಿಡದ ಪುಡಿ ತಾನೇ, ಏನಾಗತ್ತೆ ಅಂದ್ಕೊಂಡೆ."

"ಅದು ಗಿಡದ್ದೂ ಅಲ್ಲ, ಮಣ್ಣಂಗಟ್ಟೀನೂ ಅಲ್ಲ! ಎಲ್ಲೋ ಕೂತು ಯಾರೋ ಬೆರೆಸಿದ ರಾಸಾಯನಿಕ. ಸಿಕ್ಕಿಹಾಕ್ಕೋಬಾರ್ದು ಅಂತ ಗಿಡದ ಪುಡಿ, ಸ್ನಾನದ ಉಪ್ಪು ಅಂತ ಚೀಟಿ ಅಂಟಿಸ್ತಾರೆ. ಇವತ್ತಿನ ಪೊಟ್ಟಣದಲ್ಲಿ ಇರೋದೇ ನಾಳೆಯದ್ರಲ್ಲೂ ಇರತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮಾರೋನಿಗೇ ಗೊತ್ತಿರಲ್ಲ" ಅಂದಳು ಮಾತ್ರೆಯಮ್ಮ.

"ಅದಕ್ಕೇ ಅಳತೆ ಬರೆದಿರ್ಲಿಲ್ಲ!" ಗಿಡದಕ್ಕ ಹಣೆ ಚಚ್ಚಿಕೊಂಡಳು. "ಇಪ್ಪತ್ತು ವರ್ಷ ಗೊಬ್ಬರದಲ್ಲೇ ಬದುಕಿರೋ ನಂಗೇ ಮಂಕುಬೂದಿ ಎರಚಿಬಿಟ್ರಲ್ಲೇ!"

ತಮ್ಮನಿಗೂ ನಗು ಬಂತು. ಆದರೂ ಮಾತ್ರೆಯಮ್ಮನನ್ನು ಕೇಳಿದ: "ಆದ್ರೆ ಮೈಗೆ ಬಲ ಬಂದಿದ್ದು ನಿಜ ಅಲ್ವಾ ಅಕ್ಕಾ?"

"ಎಲ್ಲಿಂದ ಬರ್ಬೇಕು ಬಲ? ಸುಸ್ತಾಗಿದೆ ಅಂತ ಮೈ ಕೂಗ್ತಿರತ್ತೆ. ಈ ಪುಡಿ ಅದರ ಬಾಯಿ ಮುಚ್ಚಿಸತ್ತೆ, ಅಷ್ಟೇ. ಒಳಗೆ ಎದೆ ಓಡ್ತಾನೇ ಇರತ್ತೆ, ರಕ್ತದ ಒತ್ತಡ ಏರತ್ತೆ, ಮೈ ಕಾಯತ್ತೆ. ಕೆಲವರಿಗೆ ಫಿಟ್ಸ್ ಬರತ್ತೆ, ಕೆಲವರಿಗೆ ಎದೇನೇ ನಿಂತುಹೋಗತ್ತೆ. ಇಲ್ಲದ್ದು ಕಾಣತ್ತೆ, ಕೇಳತ್ತೆ. ಇಳಿದ್ಮೇಲೆ ಮನಸ್ಸು ಪಾತಾಳಕ್ಕೆ ಬೀಳತ್ತೆ, ಆಗ ಮತ್ತೆ ಪುಡಿ ಬೇಕು ಅನ್ಸತ್ತೆ. ಮಣ್ಣು ಕೆದಕಿದ್ಯಲ್ಲ, ಅದೇ ಚಟ."

ತಮ್ಮ ಹೊದಿಕೆಯ ಅಂಚನ್ನು ತಿರುವತೊಡಗಿದ. ಆಮೇಲೆ ಹೇಳಿದ: "ಅಕ್ಕಾ, ಮೊನ್ನೆ ಪಾಪೂನ ಶಾಲೆಗೆ ಬಿಡೋವಾಗ ಯಾರೋ ಅಟ್ಟಿಸ್ಕೊಂಡು ಬರ್ತಿದಾರೆ ಅನ್ನಿಸ್ತು. ಕೆಂಪು ಸಿಗ್ನಲ್ಲಲ್ಲೇ ವ್ಯಾನು ನುಗ್ಗಿಸ್ಬಿಟ್ಟೆ. ಅವಳು ಹಿಂದೆ ಕೂತು ಮಗ್ಗಿ ಹೇಳ್ಕೋತಿದ್ಲು."

ಗಿಡದಕ್ಕ ಅವನ ಎರಡೂ ಭುಜ ಹಿಡಿದುಕೊಂಡಳು. ಬೈಯಬೇಕೆಂದು ಬಾಯಿ ತೆರೆದಳು, ಅಳು ಬಂತು. "ನಂಗ್ಯಾಕೋ ಹೇಳ್ಲಿಲ್ಲ ನೀನು?"

"ಹೇಗೆ ಹೇಳ್ಲಿ? ಮೊದಲ ದಿನ ತಗೊಂಡಾಗ ನೀನು ಭೇಷ್ ಅಂದೆ. ಊರಿಗೆಲ್ಲ ಹೇಳ್ಕೊಂಡು ಬಂದೆ. ಬಿಟ್ರೆ ನಿನ್ನ ಮುಂದೆ ಸೋಮಾರಿ ಆಗ್ತೀನಿ ಅಂತ ಹೆದರಿಕೆ ಆಯ್ತು."

ಎರಡಾಳಿನ ಕೆಲಸ ಒಬ್ಬ ಹೇಗೆ ಮಾಡುತ್ತಾನೆ ಅಂತ ಗಿಡದಕ್ಕ ಒಂದು ದಿನವೂ ಕೇಳಿರಲಿಲ್ಲ. ತಮ್ಮನ ತಲೆಯನ್ನು ಎದೆಗೊತ್ತಿಕೊಂಡು, "ತಪ್ಪು ನಂದೂ ಇದೆ ಕಣೋ" ಅಂದಳು. ಹಾಗೇ ಆಸ್ಪತ್ರೆಯ ಮಂಚದ ಮೇಲೆ ಕೂತೇ ಆಫೀಸಿನ ಮ್ಯಾನೇಜರಿಗೆ ಫೋನು ಮಾಡಿದಳು. "ಸಾರ್, ಗಿಡ ಬರೋದು ಇನ್ನೂ ಇಪ್ಪತ್ತು ದಿನ ತಡ. ಗಿಡಗಳು ತಡ್ಕೊಳ್ತವೆ, ನೀವೂ ಸ್ವಲ್ಪ ತಡ್ಕೊಳ್ಳಿ!" ಮ್ಯಾನೇಜರು ಆ ಕಡೆ ನಕ್ಕು, ಆಗಲಿ ಅಂದರು. ಒಂದೇ ಒಂದು ಫೋನಿನಿಂದ ಆಗುವ ಕೆಲಸ ಇದು!

ಚಟ ಬಿಡಿಸುವ ಡಾಕ್ಟರ ಹತ್ತಿರ ತಮ್ಮ ಈಗ ವಾರಕ್ಕೊಮ್ಮೆ ಹೋಗುತ್ತಾನೆ. ಮೊದಮೊದಲು ಸುಮ್ಮಸುಮ್ಮನೆ ಸಿಟ್ಟು, ಅಳು ಬರುತ್ತಿತ್ತು. ಒಂದೆರಡು ಸಲ ಕಾಲು ಗೋದಾಮಿನ ಕಡೆಗೇ ಎಳೆಯಿತಂತೆ. ಅಂಥ ದಿನ ಅಕ್ಕನಿಗೆ ಫೋನು ಮಾಡುತ್ತಿದ್ದ, ಅಕ್ಕ ಕೈಕೆಲಸ ಬಿಟ್ಟು ಹೋಗಿ ಕರೆತರುತ್ತಿದ್ದಳು. ಡಾಕ್ಟರು ಒಪ್ಪಿದ ಮೇಲಷ್ಟೇ ಸ್ಟಿಯರಿಂಗ್ ಮುಟ್ಟಿದ. ಹೊರೆ ಇಳಿಸಲು ಇನ್ನೊಬ್ಬ ಆಳೂ ಬಂದಿದ್ದಾನೆ. ಮೊನ್ನೆ ಆ ಲಾರಿಯವನೇ ಸಿಕ್ಕಿದನಂತೆ, ಕಣ್ಣು ಗುಳಿಬಿದ್ದು, ಕೈ ನಡುಗುತ್ತಾ. ತಮ್ಮ ಅವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ತನ್ನ ಡಾಕ್ಟರ ಹತ್ತಿರವೇ ಕರೆದೊಯ್ದ.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೆಸರಿಲ್ಲದ, ಅಳತೆಯಿಲ್ಲದ ಯಾವ ಪುಡಿಯನ್ನೂ ಬಾಯಿಗಾಗಲಿ ಮೂಗಿಗಾಗಲಿ ಸೋಕಿಸಬೇಡಿ, ಚೀಟಿಯ ಮೇಲೆ ಏನೇ ಬರೆದಿರಲಿ. ಯಾರಾದರೂ ಅದನ್ನು ತಿಂದು ಎದೆ ಡವಡವ ಹೊಡೆದುಕೊಂಡು, ಮೈ ಕಾದು, ತಲೆ ಕೆಟ್ಟವರಂತೆ ಆಡಿದರೆ ಜಗಳಕ್ಕಿಳಿಯಬೇಡಿ. ತಂಪಾದ ಕಡೆ ಕೂರಿಸಿ, ಎಚ್ಚರ ತಪ್ಪಿದರೆ ಮಗ್ಗುಲಿಗೆ ಮಲಗಿಸಿ, ಕೂಡಲೇ ಆಂಬ್ಯುಲೆನ್ಸ್ ಕರೆಸಿ, ಡಾಕ್ಟರಿಗೆ ನಿಜ ಹೇಳಿ. ಚಟಕ್ಕೆ ಚಿಕಿತ್ಸೆ ಇದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಎರಡಾಳಿನ ಕೆಲಸ ಮಾಡತೊಡಗಿದರೆ, ಭೇಷ್ ಅನ್ನುವ ಮೊದಲು ಕೇಳಿ: "ಊಟ ಮಾಡಿದ್ಯಾ? ನಿದ್ದೆ ಬಂತಾ?" ಅವರು ಉತ್ತರ ಹೇಳಲು ತಡವರಿಸಿದರೆ ಎದ್ದು ಹೋಗಬೇಡಿ, ಪಕ್ಕದಲ್ಲೇ ಕೂತುಕೊಳ್ಳಿ.