ಗುರುವಾರದ ಕಾರು

ಮೂರನೆಯ ಕೊರಡಿಗೆ ಕೊಡಲಿ ಎತ್ತಿದಾಗ ಮರ್ವ್ ಪೆಂಗೆಲ್ಲಿಯ ಬಲಮೊಣಕಾಲು ಕಳಕ್ಕೆಂದಿತು. ಆದರೂ ಮುದುಕ ಮುಖ ಕಿವುಚಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕಡತ ಹಿಡಿದು ಕೆರಿನ್ ನಿಂತಿದ್ದಳಲ್ಲ! ಎಂಬತ್ಮೂರು ವರ್ಷದ ಗಂಡಸು, ನೆರವು ಬೇಕೋ ಬೇಡವೋ ಎಂದು ಅಳೆಯಲು ಅಡಿಲೇಡಿನಿಂದ ಬಂದ ಸರ್ಕಾರದ ಹೆಂಗಸಿನ ಎದುರು ನರಳುವುದುಂಟೆ? ಕೊಡಲಿ ಬಿತ್ತು, ಕೊರಡು ಎರಡು ಹೋಳಾಯಿತು.

"ಅಬ್ಬಾ, ಎಷ್ಟು ಗಟ್ಟಿ ಇದೀರಿ ಮರ್ವ್!" ಎಂದಳು ಕೆರಿನ್.

"ಇದೇನು ಮಹಾ. ಆಗಿನ ಕಾಲದಲ್ಲಿ ದಿನಕ್ಕೆ ನೂರೆಂಬತ್ತು ಕುರಿ ಉಣ್ಣೆ ಕತ್ತರಿಸ್ತಿದ್ದೆ."

"ಓಡಾಡೋಕೆ ಏನಾದ್ರೂ ಕಷ್ಟ ಇದೆಯಾ?"

"ನಂಗಾ? ಏನೂ ಇಲ್ಲಪ್ಪ. ನಂಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದಾರೆ, ಅವರನ್ನ ನೋಡಿ."

ಕೆರಿನ್ ಅದನ್ನೂ ಬರೆದುಕೊಂಡಳು. ಮಳೆನೀರಿನ ಟ್ಯಾಂಕಿನ ಹಿಂದೆ, ಗೋಣಿಚೀಲ ಹೊದ್ದು, ಮರ್ವ್ ಹಿಡಿದು ನಡೆಯುವ ನಾಲ್ಕು ಚಕ್ರದ ವಾಕರ್ ಕೂತಿತ್ತು. ಬೆಳಿಗ್ಗೆ ಐದಕ್ಕೇ ಎದ್ದು ಅವನೇ ಬಚ್ಚಿಟ್ಟಿದ್ದ. ಅದಾದ ಮೇಲೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಅಡುಗೆಮನೆ ಒರೆಸಿ, ಬಂದವಳಿಗೆಂದು ಬಿಸ್ಕತ್ತಿನ ತಟ್ಟೆಯನ್ನೂ ಜೋಡಿಸಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ನಮ್ಮ ಯಾರ್ಕ್ ಪರ್ಯಾಯದ್ವೀಪದಲ್ಲಿ ಆ ವಯಸ್ಸಿನವರೆಲ್ಲ ಹೀಗೆಯೇ. ಕಾಲು ಮುರಿದು ಬಿದ್ದಿದ್ದರೂ "ಹೇಗಿದೀರಿ" ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾರೆ. ಕೆರಿನ್ ಹೋದ ಮೇಲೆ ಮರ್ವ್ ಎರಡು ದಿನ ಹಾಸಿಗೆಯಿಂದ ಏಳಲಿಲ್ಲ.

ಎರಡು ವಾರಕ್ಕೆ ಕಾಗದ ಬಂತು. ಸರ್ಕಾರದ ಮನೆ ಆರೈಕೆ ಯೋಜನೆಯಲ್ಲಿ ಮರ್ವ್‌ಗೆ ಎರಡು ಸವಲತ್ತಿದ್ದವು. ಮಂಗಳವಾರ ಮನೆ ಗುಡಿಸಲು ಒಬ್ಬಳು ಬರುತ್ತಿದ್ದಳು. ಗುರುವಾರ ಒಂದು ಕಾರು ಬಂದು, ನಲವತ್ತೈದು ಕಿಲೋಮೀಟರ್ ದೂರದ ವಲ್ಲರೂಗೆ ಕರೆದೊಯ್ದು, ಸಂಜೆ ಮನೆಗೆ ತಂದು ಬಿಡುತ್ತಿತ್ತು. ವಲ್ಲರೂದ ಆರೈಕೆ ಕೇಂದ್ರದಲ್ಲಿ ಅವನ ಅಕ್ಕ ಎಲ್ವಾ ಇದ್ದಳು. ಕಾಗದದಲ್ಲಿ ಹೀಗಿತ್ತು: "ಯಾರ ನೆರವೂ ಇಲ್ಲದೆ ಓಡಾಡಬಲ್ಲರು. ಭಾರದ ಕೆಲಸವನ್ನೂ ಮಾಡುತ್ತಾರೆ. ಸಾರಿಗೆ ನೆರವಿನ ಅಗತ್ಯ ಕಂಡುಬಂದಿಲ್ಲ." ಗುರುವಾರದ ಕಾರು ನಿಂತಿತು.

ಅಕ್ಕ, ತಮ್ಮ ಇಬ್ಬರೂ ಮದುವೆಯಾದವರಲ್ಲ. ಅಪ್ಪ ಸತ್ತ ಮೇಲೆ ಆರ್ಥರ್ಟನ್ನಿನ ಆ ಮನೆಯಲ್ಲಿ ಐವತ್ತು ವರ್ಷ ಜಗಳವಾಡಿಕೊಂಡು ಒಟ್ಟಿಗೆ ಬಾಳಿದವರು. ಎಂಬತ್ತೆಂಟರ ಎಲ್ವಾ ಸೊಂಟದ ಮೂಳೆ ಮುರಿದುಕೊಂಡು ವಲ್ಲರೂ ಸೇರಿ ಒಂದೂವರೆ ವರ್ಷವಾಗಿತ್ತು. ಕಣ್ಣು ಮಂಜಾಗಿ ಮರ್ವ್‌ನ ಲೈಸೆನ್ಸು ಹೋದದ್ದು ಅದಕ್ಕೂ ಮೊದಲು. ಊರಿಗೆ ಬಸ್ಸಿಲ್ಲ. ನವೆಂಬರಿನ ಬಾರ್ಲಿ ಕೊಯ್ಲಿನಲ್ಲಿ ಹಗಲಿರುಳು ದುಡಿಯುವ ಅಕ್ಕಪಕ್ಕದವರ ಹತ್ತಿರ ಹೋಗಿ ನನ್ನನ್ನು ಕರೆದುಕೊಂಡು ಹೋಗಿ ಎನ್ನಲು ಅವನ ನಾಲಗೆ ಏಳಲಿಲ್ಲ. ಅಕ್ಕನಿಗೆ ಇನ್ನೆಷ್ಟು ಗುರುವಾರಗಳಿವೆಯೋ ಎಂಬ ಲೆಕ್ಕ ಮಾತ್ರ ತಲೆಯಲ್ಲಿ ತಿರುಗುತ್ತಲೇ ಇತ್ತು.

ವಿಷಯ ತಿಳಿದು ಎಲ್ವಾ ಫೋನಿನಲ್ಲೇ ಬಾಯಿ ಮಾಡಿದಳು.

"ಏನಂದೆ? ಇನ್ನೊಂದ್ಸಲ ಹೇಳು. ಕಟ್ಟಿಗೆ ಒಡೆದ್ಯಾ?"

"ಮೂರೇ ಮೂರು."

"ಲೇ ಮರ್ವ್, ನಮ್ಮನೇಲಿ ಕಟ್ಟಿಗೆ ಒಲೆ ಎಲ್ಲಿದ್ಯೋ? ಗ್ಯಾಸ್ ಹಾಕಿಸಿ ಮೂವತ್ತು ವರ್ಷ ಆಯ್ತು!"

"ಬೇಲಿಯ ಹಳೇ ಗೂಟಗಳು ಬಿದ್ದಿದ್ವು..."

"ನಿನ್ನ ತಲೆ ಒಡಕೋಬೇಕಿತ್ತು. ಮರುಪರಿಶೀಲನೆ ಮಾಡಿ ಅಂತ ಇವತ್ತೇ ಅವರಿಗೆ ಫೋನ್ ಮಾಡು. ಆ ಹೆಂಗಸು ಬಂದಾಗ ನಿನ್ನ ಅತ್ಯಂತ ಕೆಟ್ಟ ದಿನ ಹೇಗಿರುತ್ತೋ ಅದನ್ನ ಹೇಳು. ಬಾಯಿದ್ದೋನು ಬರಗಾಲದಲ್ಲೂ ಬದುಕ್ದ ಅಂತಾರೆ. ನಿಂಗೆ ಬಾಯಿ ಇರೋದು ಬರೀ ಜಂಬ ಕೊಚ್ಚೋಕೆ."

"ಆಯ್ತಕ್ಕ."

"ಗಡ್ಡ ಹೆರಕೋಬೇಡ!"

ಮರುಪರಿಶೀಲನೆಗೆ ದಿನ ಸಿಗುವಷ್ಟರಲ್ಲಿ ಐದು ಗುರುವಾರ ಕಳೆದವು. ಹತ್ತು ಗಂಟೆಗೆ ಕಾರು ಬರುತ್ತಿದ್ದ ಹೊತ್ತಿಗೆ ಮರ್ವ್ ಮುಂಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ, ಹತ್ತೂವರೆಗೆ ಒಳಗೆ ಹೋಗುತ್ತಿದ್ದ. ಎಲ್ವಾಳ ಫೋನು ದಿನಾ ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ ಆಯಿತು. ಬೈಗುಳವೂ ಕಡಿಮೆಯಾಯಿತು. ಅವನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಮರುಪರಿಶೀಲನೆಯ ದಿನ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಕೈ ತಾನಾಗಿ ರೇಜರಿನತ್ತ ಹೋಯಿತು. ಗಡ್ಡ ಹೆರೆದ. ಅಂಗಿಗೆ ಇಸ್ತ್ರಿ ಹಾಕಿದ. ವಾಕರ್ ಮತ್ತೆ ಟ್ಯಾಂಕಿನ ಹಿಂದೆ ಹೋಗಿ ಗೋಣಿಚೀಲ ಹೊದ್ದುಕೊಂಡಿತು. ಇಷ್ಟೆಲ್ಲ ಆದ ಮೇಲೆ ಕುರ್ಚಿಯಲ್ಲಿ ಕೂತು, ಎಂಥ ಕತ್ತೆ ನಾನು ಎಂದುಕೊಂಡ. ಹಾಗಂತ ಎದ್ದು ಹೋಗಿ ಅದನ್ನು ತರಲಿಲ್ಲ.

ಕೆರಿನ್ ಬಂದಳು, ಅದೇ ಕಡತ.

"ಹೇಗಿದೀರಿ ಮರ್ವ್?"

"ಚೆನ್ನಾಗಿದೀನಿ, ಏನೂ ತೊಂದ್ರೆ ಇಲ್ಲ." ಬಾಯಿಂದ ಬಿದ್ದೇ ಹೋಯಿತು.

ಅವಳು ಕುರ್ಚಿಯಿಂದ ಕೈ ಊರದೆ ಏಳಲು ಹೇಳಿದಳು. ಹಲ್ಲು ಕಚ್ಚಿ ಎದ್ದ. ಚಹಾ ಮಾಡಿ ತೋರಿಸಿ ಎಂದಳು. ಮೇಜು, ಗೋಡೆ, ಒಲೆಕಟ್ಟೆ ಹಿಡಿಯುತ್ತ ಹೋಗಿ ನೀರಿಟ್ಟ. ಒಂದು ಕೈಯಲ್ಲಿ ಒಲೆಕಟ್ಟೆ ಹಿಡಿದೇ ಕುದಿವ ನೀರು ಸುರಿದ, ಒಂದು ಹನಿ ಚೆಲ್ಲಲಿಲ್ಲ. ಅವಳ ಮುಂದೆ ಕಪ್ಪಿಟ್ಟಾಗ ಅವನ ಎದೆ ಉಬ್ಬಿತ್ತು.

"ತುಂಬಾ ಚೆನ್ನಾಗಿ ಮಾಡಿದ್ರಿ," ಎಂದಳು ಕೆರಿನ್. ಅದೇಕೋ ಅವಳ ದನಿಯಲ್ಲಿ ಖುಷಿ ಇರಲಿಲ್ಲ. "ಹಾಗಾದ್ರೆ ಮೊದಲಿನ ವರದೀನೇ ಉಳಿಸ್ಕೊಳ್ಳೋದು. ಬೇರೇನಾದ್ರೂ ಹೇಳೋದಿದೆಯಾ?"

ಪೆನ್ನಿನ ಮುಚ್ಚಳ ಹಾಕಿದ ಸದ್ದಿಗೆ ಮರ್ವ್‌ಗೆ ಎಚ್ಚರವಾಯಿತು. ಈ ಪರೀಕ್ಷೆಯಲ್ಲಿ ಗೆದ್ದರೆ ಸೋತಂತೆ. ಮೆಚ್ಚುಗೆಯ ನಾಲ್ಕು ಮಾತಿಗೆ ಅವನು ಅಕ್ಕನನ್ನೇ ಮಾರಿಕೊಳ್ಳುತ್ತಿದ್ದ.

"ನಿಂತ್ಕೊಳ್ಳಮ್ಮ. ಒಂದ್ನಿಮಿಷ ಹಿತ್ತಿಲಿಗೆ ಬಾ."

ಟ್ಯಾಂಕಿನ ಹಿಂದೆ ಹೋಗಿ ಗೋಣಿಚೀಲ ಎಳೆದು ಹಾಕಿದ. ವಾಕರ್ ಹೊರಬಂತು.

"ಇದು ನಂದು. ಇದಿಲ್ದೆ ನಾನು ಕಕ್ಕಸಿಗೂ ಹೋಗಲ್ಲ. ಅವತ್ತು ಕಟ್ಟಿಗೆ ಒಡೆದ್ನಲ್ಲ, ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಎದ್ದಿಲ್ಲ. ಈ ಮನೇಲಿ ಕಟ್ಟಿಗೆ ಒಲೆನೇ ಇಲ್ಲ."

"ಗೊತ್ತು," ಎಂದಳು ಕೆರಿನ್ ಮೆಲ್ಲಗೆ. "ಅವತ್ತೇ ಅಡುಗೆಮನೇಲಿ ನೋಡಿದ್ದೆ. ಆದ್ರೆ ನೀವು ಬಾಯಿಬಿಟ್ಟು ಹೇಳಿದ್ದು, ಮಾಡಿ ತೋರಿಸಿದ್ದು, ಅಷ್ಟನ್ನೇ ನಾನು ಬರೀಬೇಕು ಮರ್ವ್. ನನ್ನ ಊಹೆ ಬರಿಯೋ ಹಾಗಿಲ್ಲ."

"ಹಾಗಾದ್ರೆ ಬರಕೋ."

ಅವನು ವಾಕರ್ ಹಿಡಿದು ಮನೆ ಸುತ್ತಿ ಮುಂದಿನ ಗೇಟಿನತ್ತ ಹೊರಟ. ಐವತ್ತು ಹೆಜ್ಜೆಯ ದಾರಿ. ನಿಂಬೆಗಿಡದ ಹತ್ತಿರ ಒಮ್ಮೆ ನಿಂತ, ಅಂಚೆ ಡಬ್ಬಿಯ ಹತ್ತಿರ ಇನ್ನೊಮ್ಮೆ. ಉಸಿರು ಸಿಳ್ಳೆ ಹಾಕುತ್ತಿತ್ತು. ಕೆರಿನ್ ಗಡಿಯಾರ ನೋಡುತ್ತ ಪಕ್ಕದಲ್ಲೇ ನಡೆದಳು, ಕೈ ಕೊಡಲಿಲ್ಲ. ಗೇಟು ಮುಟ್ಟಿ ಅವನು ತಿರುಗಿದ.

"ಇಷ್ಟೇ ನಾನು. ಮಾರ್ಚಿನಲ್ಲಿ ಬಚ್ಚಲಲ್ಲಿ ಬಿದ್ದೆ, ಯಾರಿಗೂ ಹೇಳ್ಲಿಲ್ಲ. ಷೂ ಹಾಕ್ಕೊಳ್ಳೋಕೆ ಅರ್ಧ ಗಂಟೆ ಬೇಕು. ಒಬ್ಬನೇ ಎಲ್ಲಿಗೂ ಹೋಗೋಕೆ ನನ್ನಿಂದ ಆಗಲ್ಲ." ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. "ನಂಗೆ ನಮ್ಮಕ್ಕನ್ನ ನೋಡ್ಬೇಕು. ನಂಗೆ ಸಹಾಯ ಬೇಕು."

ಆ ಕೊನೆಯ ಮೂರು ಪದ ಹೇಳುವುದಕ್ಕಿಂತ ನೂರೆಂಬತ್ತು ಕುರಿಗಳ ಉಣ್ಣೆ ಕತ್ತರಿಸುವುದು ಸುಲಭವಿತ್ತು. ಹೇಳಿಯಾದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಕೆರಿನ್ ಪೆನ್ನಿನ ಮುಚ್ಚಳ ತೆಗೆದು ಗೇಟಿನ ಕಂಬದ ಮೇಲೇ ಕಡತ ಇಟ್ಟುಕೊಂಡು ಬರೆಯತೊಡಗಿದಳು. ಎರಡು ಪುಟ ತುಂಬಿತು. ಅವಳು ಓದಿ ಹೇಳಿದಾಗ ಮರ್ವ್ ಒಂದು ಕಡೆ ತಡೆದ.

"ಗೇಟಿಗೆ ಬರೋಕೆ ಒಂಬತ್ತು ನಿಮಿಷ ಅಲ್ಲಮ್ಮ. ಎಂಟೂವರೆ."

"ಎಂಟೂವರೆ," ಎಂದು ಅವಳು ತಿದ್ದಿದಳು. ಇಬ್ಬರಿಗೂ ನಗು ಬಂತು.

ಹನ್ನೊಂದು ದಿನಕ್ಕೆ ಒಪ್ಪಿಗೆ ಸಿಕ್ಕಿತು. ಮೊದಲು ಮನೆಯ ಮುಂದೆ ಹತ್ತಿಸಿಕೊಂಡು ಕೇಂದ್ರದ ಮುಂದೆ ಇಳಿಸುತ್ತಿದ್ದರು. ಈಗ ಒಳಗೆ ಬಂದು ಷೂ ಕಟ್ಟಿ, ಅಕ್ಕನ ಪಕ್ಕದಲ್ಲಿ ಕೂರಿಸುವವರೆಗೂ ಡ್ರೈವರ್ ಜೊತೆಗಿರಬೇಕೆಂದು ಬರೆದಿತ್ತು.

ಗುರುವಾರ ಹತ್ತಕ್ಕೆ ಸರಿಯಾಗಿ ರೋಮಾಳ ಬಿಳಿ ಕಾರು ಗೇಟಿನ ಮುಂದೆ ನಿಂತಿತು. ಮೇಷ್ಟರಾಗಿ ನಿವೃತ್ತಳಾದ ರೋಮಾ ಸಂಬಳವಿಲ್ಲದೆ ಈ ಕಾರು ಓಡಿಸುವವಳು, ಬಾಯಿ ಮಾತ್ರ ಇನ್ನೂ ಮೇಷ್ಟರದ್ದೇ.

"ಏನಯ್ಯಾ ಮರ್ವ್, ಕಟ್ಟಿಗೆ ವ್ಯಾಪಾರ ನಿಲ್ಲಿಸಿಬಿಟ್ಯಂತೆ?"

"ಊರಿಗೆಲ್ಲ ಗೊತ್ತಾಯ್ತಾ?"

"ಎಲ್ವಾಗೆ ಗೊತ್ತಾದ್ಮೇಲೆ ಊರಿಗೆ ಗೊತ್ತಾಗದೆ ಇರುತ್ತಾ? ಕಾಲು ಚಾಚು."

ಅವಳು ಬಗ್ಗಿ ಲೇಸು ಕಟ್ಟುತ್ತಿದ್ದಾಗ ಮರ್ವ್ ಸುಮ್ಮನೆ ಕಟ್ಟಿಸಿಕೊಂಡ. ಬಾರ್ಲಿ ಕೊಯ್ದ ಹೊಲಗಳ ನಡುವೆ ಕಾರು ಓಡಿತು. ದಾರಿಯುದ್ದಕ್ಕೂ ಎಡಗಡೆ ಕಿಟಕಿ ಇಳಿಸಿಕೊಂಡು, ಮದುವೆಗೆ ಹೊರಟ ಗಂಡಿನ ಹಾಗೆ ಸೆಟೆದು ಕೂತಿದ್ದ.

ಎಲ್ವಾ ಗಾಲಿಕುರ್ಚಿಯಲ್ಲಿ ಕಿಟಕಿಯ ಪಕ್ಕ ಇದ್ದಳು. ತುಂಬಾ ಇಳಿದುಹೋಗಿದ್ದಳು, ಬಳೆ ಮೊಣಕೈಗೆ ಜಾರಿತ್ತು. ತಮ್ಮನನ್ನು ಕಂಡು ಅವನ ತೋಳನ್ನು ಹಿಡಿದುಕೊಂಡಳು. ಮಾತ್ರೆ ತಂದ ನರ್ಸ್ ಎಂದಿನಂತೆ "ಹೇಗಿದೀರಿ ಎಲ್ವಾ?" ಎಂದಳು.

ಎಲ್ವಾಳ ಬಾಯಿ ರೂಢಿಯ ಉತ್ತರಕ್ಕೆ ತೆರೆಯಿತು. ತಮ್ಮನ ಮುಖ ನೋಡಿ ನಿಂತಿತು.

"ಇವತ್ತು ಚೆನ್ನಾಗಿದೀನಿ," ಎಂದಳು. "ಇಷ್ಟು ದಿನ ಚೆನ್ನಾಗಿರ್ಲಿಲ್ಲ. ಊಟ ಸೇರ್ತಿರ್ಲಿಲ್ಲ. ತಟ್ಟೇಲಿ ಇದ್ದದ್ದನ್ನ ಪಕ್ಕದವಳಿಗೆ ದಾಟಿಸ್ತಿದ್ದೆ."

ನರ್ಸ್ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. "ಇವತ್ತು ತಿಂತೀರಾ?"

"ತಿಂತೀನಿ. ಆದ್ರೆ ಮೊದಲು ಸಮುದ್ರ ಕಾಣೋ ಜಗಲಿಗೆ ಹೋಗ್ಬೇಕು. ಇವನೇ ಕರಕೊಂಡು ಹೋಗ್ತಾನೆ."

ಉದ್ದದ ಪಡಸಾಲೆಯಲ್ಲಿ ಇಬ್ಬರೂ ಹೊರಟರು. ಮರ್ವ್ ವಾಕರ್ ತಳ್ಳುತ್ತಿದ್ದ. ಎಲ್ವಾ ಕಾಲಿನಿಂದ ನೆಲ ಒದೆಯುತ್ತ ಗಾಲಿಕುರ್ಚಿಯನ್ನು ಪಕ್ಕದಲ್ಲೇ ಸಾಗಿಸುತ್ತಿದ್ದಳು, ಒಂದು ಕೈ ವಾಕರಿನ ಹಿಡಿಯ ಮೇಲಿದ್ದ ಅವನ ಕೈಯ ಮೇಲೆ. ಪಡಸಾಲೆಯ ಅಗಲವೆಲ್ಲ ಅವರದಾಯಿತು. ಹಿಂದಿನಿಂದ ಬಿಸಿ ಸಾರಿನ ಪರಿಮಳದೊಡನೆ ಊಟದ ಗಾಡಿ ಬಂದು ದಾರಿ ಸಿಗದೆ ನಿಂತಿತು. ಅದರ ಹಿಂದೆ ಇಬ್ಬರು ನರ್ಸುಗಳು, ಅವರ ಹಿಂದೆ ರೋಮಾ. ಯಾರೂ ಅವಸರ ಮಾಡಲಿಲ್ಲ.