ಐವತ್ತನಾಲ್ಕು ಕೆ.ಜಿ.

ತಿಂಗಳ ಮೊದಲ ಸೋಮವಾರ ಬಂತೆಂದರೆ ಹೆಂಗಸರ ಜೈಲಿನ ನರ್ಸ್ ಒಂದು ಲೋಟ ಚಹಾ ಮುಂದಿಟ್ಟುಕೊಂಡು ತೂಕದ ರಿಜಿಸ್ಟರ್ ಬಿಚ್ಚುತ್ತಿದ್ದಳು. ಚಹಾ ಮುಗಿಯುವಷ್ಟರಲ್ಲಿ ನಲವತ್ತು ಕೈದಿಗಳ ತೂಕವೂ ಮುಗಿಯುತ್ತಿತ್ತು. ತೂಕದ ಯಂತ್ರ ಬೀರುವಿನ ಹಿಂದೆ ಇರುತ್ತಿತ್ತು. ಹೊಸಬರು ಬಂದ ದಿನ ಮಾತ್ರ ಅದು ಬೆಳಕು ಕಾಣುತ್ತಿತ್ತು. ಉಳಿದಂತೆ ಹೋದ ತಿಂಗಳ ಅಂಕಿಯನ್ನೇ ಈ ತಿಂಗಳಿಗೂ ಇಳಿಸಿದರೆ ಆಯಿತು. ನಲವತ್ತು ಜನರನ್ನು ಎರಡು ಗೇಟು ದಾಟಿಸಿ ಕರೆತರಲು ಕಾವಲಿನವರು ಬೇಕು, ಕೇಳಿದರೆ ಅವರ ಮುಖ ಹುಳ್ಳಗಾಗುತ್ತಿತ್ತು. ಹಾಗೆಂದು ನರ್ಸ್ ಕೆಟ್ಟವಳಲ್ಲ. ಜ್ವರ ಅಂದವರಿಗೆ ಮಾತ್ರೆ, ಗಾಯ ಅಂದವರಿಗೆ ಪಟ್ಟಿ, ಅತ್ತವರಿಗೆ ಎರಡು ಒಳ್ಳೆಯ ಮಾತು. ಬಾಯಿ ಬಿಡದವರ ಗೊಡವೆಗೆ ಹೋಗುತ್ತಿರಲಿಲ್ಲ, ಅಷ್ಟೆ.

ಬಾಯಿ ಬಿಡದವರಲ್ಲಿ ಹೊಲಿಗೆಯಜ್ಜಿ ಒಬ್ಬಳು. ಇಡೀ ಜೈಲಿನ ಅಂಗಿ ಹೊಲಿಯುವ ಮುದುಕಿ. ಅವಳ ಸಾಲಿನಲ್ಲಿ ಏಳು ತಿಂಗಳಿಂದ ಐವತ್ತನಾಲ್ಕು. ಹೋದ ವಾರ ಅವಳ ಮಗಳು ಭೇಟಿಗೆ ಬಂದವಳು ನರ್ಸನ್ನು ಹುಡುಕಿಕೊಂಡು ಬಂದಿದ್ದಳು.

“ಸಿಸ್ಟರ್, ಅಮ್ಮ ತುಂಬಾ ಇಳಿದುಹೋದ ಹಾಗೆ ಕಾಣ್ತಾಳೆ. ಒಂದ್ಸಲ ನೋಡ್ತೀರಾ?”

“ಭೇಟಿ ಕೋಣೆಯ ಗಾಜಿನ ಆಚೆಯಿಂದ ಎಲ್ಲರೂ ಹಾಗೇ ಕಾಣೋದಮ್ಮ,” ಎಂದು ನರ್ಸ್ ರಿಜಿಸ್ಟರ್ ತಿರುಗಿಸಿ ತೋರಿಸಿದ್ದಳು. “ನೋಡು, ಬಂದ ದಿನ ಎಷ್ಟಿತ್ತೋ ಈಗಲೂ ಅಷ್ಟೇ. ನನ್ನ ತೂಕಾನೂ ಹೀಗೆ ನಿಂತಿದ್ರೆ ನಾನು ಪುಣ್ಯ ಮಾಡಿದ್ದೆ!”

ಮಗಳು ನಕ್ಕು, ತನ್ನ ಕಣ್ಣನ್ನು ಬಿಟ್ಟು ರಿಜಿಸ್ಟರನ್ನು ನಂಬಿ ಹೊರಟುಹೋಗಿದ್ದಳು.

ಈ ಸೋಮವಾರ ಮಾತ್ರ ಚಹಾ ಆರಿಹೋಯಿತು. ಮೇಲಿನವರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂದು, ಎಲ್ಲರನ್ನೂ ನಿಜವಾಗಿಯೇ ಸಾಲಾಗಿ ನಿಲ್ಲಿಸಿದ್ದರು. ಹೊಲಿಗೆಯಜ್ಜಿ ಚಪ್ಪಲಿ ಬಿಟ್ಟು ಯಂತ್ರ ಹತ್ತಿದಳು. ಮುಳ್ಳು ನಲವತ್ತೊಂದಕ್ಕೆ ಬಂದು ನಿಂತಿತು.

“ಯಂತ್ರ ಕೆಟ್ಟಿದೆ,” ಎಂದು ನರ್ಸ್ ತಾನೇ ಹತ್ತಿ ನೋಡಿದಳು. ಅವಳ ಎಪ್ಪತ್ತೆರಡನ್ನು ಅದು ಯಾವ ಮುಲಾಜೂ ಇಲ್ಲದೆ ತೋರಿಸಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನರ್ಸಿಗೆ ನಗು ಬರಲಿಲ್ಲ. ಅಜ್ಜಿಯ ಅಂಗಿಯ ಪಕ್ಕೆಯಲ್ಲಿ ಒಂದರ ಒಳಗೊಂದು ನಾಲ್ಕು ಸಾಲು ಹೊಲಿಗೆಯಿತ್ತು. ಮೈ ಇಳಿದಂತೆಲ್ಲ ಅಂಗಿಯನ್ನು ತಾನೇ ಹಿಡಿದು ಹೊಲಿದುಕೊಂಡಿದ್ದಳು.

“ಊಟ ಮಾಡ್ತಿಲ್ವಾ ಅಜ್ಜಿ?”

“ಹಲ್ಲಿನ ಸೆಟ್ಟು ಒಡೆದುಹೋಯ್ತಲ್ಲಮ್ಮ, ಬಂದ ತಿಂಗಳೇ. ಆ ಗಟ್ಟಿ ಬ್ರೆಡ್ಡು ಅಗಿಯೋಕಾಗಲ್ಲ, ಪಕ್ಕದವಳಿಗೆ ಕೊಡ್ತೀನಿ. ಬೇಳೆ ನೀರು ಕುಡೀತೀನಿ.”

“ನನಗೊಂದು ಮಾತು ಹೇಳಬಾರದಿತ್ತಾ?”

“ತಿಂಗಳು ತಿಂಗಳು ನೀವೇ ಬರ್ಕೋತಿದ್ರಲ್ಲ. ನಿಮಗೆ ಗೊತ್ತೇ ಇರುತ್ತೆ ಅಂದ್ಕೊಂಡೆ.”

ಅಜ್ಜಿಯ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಮೂರು ಕೆ.ಜಿ. ಇಳಿದರೆ ಸಾಕು, ಹಾಲು, ಮೊಟ್ಟೆ, ಮೆತ್ತಗಿನ ಊಟ ಕೊಡಬೇಕೆಂದು ಜೈಲಿನ ನಿಯಮವೇ ಇತ್ತು. ಅದನ್ನು ಬರೆದುಕೊಡಬೇಕಾದವಳು ನರ್ಸೇ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಪವಾಸ ಬಿದ್ದವಳು ಇನ್ನೊಬ್ಬಳು. ನರ್ಸಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕೂಡಲೇ ಹಾಲು, ಮೊಟ್ಟೆಗೆ ಚೀಟಿ ಬರೆದು ಜೈಲಿನ ಮೇಡಂ ಹತ್ತಿರ ಸಹಿಗೆ ಒಯ್ದಳು. ಮೇಡಂ ರಿಜಿಸ್ಟರ್ ನೋಡಿ ತಲೆ ಹಿಡಿದುಕೊಂಡರು.

“ಒಂದೇ ತಿಂಗಳಲ್ಲಿ ಹದಿಮೂರು ಕೆ.ಜಿ. ಅಂದ್ರೆ ಯಾರು ನಂಬ್ತಾರೆ? ಹಳೇ ಪುಟ ತೆಗೆದು ಹೊಸದಾಗಿ ಬರೀರಿ. ಐವತ್ತೆರಡು, ಐವತ್ತು, ನಲವತ್ತೆಂಟು... ಮೆಟ್ಟಿಲು ಇಳಿದ ಹಾಗೆ. ವಯಸ್ಸಾದವರು ಇಳೀತಾರೆ, ಅಷ್ಟೆ.”

“ಹಾಗೆ ಬರೆದ್ರೂ ಸುಳ್ಳೇ ಅಲ್ವಾ ಮೇಡಂ?”

“ಅಜ್ಜಿಗೆ ಹಾಲು ಬೇಡ ಅಂದ್ನಾ ನಾನು? ಇವತ್ತೇ ಕೊಡಿ. ಆದ್ರೆ ನಲವತ್ತು ಜನಕ್ಕೆ ಒಬ್ಬಳೇ ನರ್ಸು ಕೊಟ್ಟವರ ತಲೆ ಹೋಗಲ್ಲ ಕಣ್ರೀ, ನಿಮ್ಮದೇ ಹೋಗೋದು. ಮಕ್ಕಳೊಂದಿಗರು ನೀವು, ಯೋಚನೆ ಮಾಡಿ.”

ಮೇಡಂ ಹೇಳಿದ್ದರಲ್ಲಿ ತಪ್ಪು ಹುಡುಕಲು ನರ್ಸಿಗೆ ಆಗಲಿಲ್ಲ. ಅಂದು ಸಂಜೆ ಮನೆಯಲ್ಲಿ ಅವಳ ಸ್ವಂತ ಮಗಳು ಅರ್ಧ ಊಟಕ್ಕೇ ತಟ್ಟೆ ಸರಿಸಿದಳು. “ಯಾಕೇ? ಮಧ್ಯಾಹ್ನಾನೂ ಸರಿಯಾಗಿ ತಿಂದಿಲ್ಲ ನೀನು, ಮುಖ ನೋಡು ಹೇಗೆ ಬಾಡಿದೆ,” ಎಂದು ಗದರಿದ ನರ್ಸ್ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಳು. ಒಂದು ಹೊತ್ತಿನ ಊಟ ತಪ್ಪಿದ್ದು ಅವಳ ಕಣ್ಣಿಗೆ ಕಂಡಿತ್ತು. ಏಳು ತಿಂಗಳದು ಕಂಡಿರಲಿಲ್ಲ.

ಮರುದಿನ ಅವಳು ಪುಟ ತೆಗೆಯಲಿಲ್ಲ. ಐವತ್ತನಾಲ್ಕುಗಳ ಕೆಳಗೆ, ‘ಮೊದಲನೆಯದು ಬಿಟ್ಟು ಉಳಿದವನ್ನು ತೂಗದೆ ಬರೆದಿದ್ದೇನೆ’ ಎಂದು ಬರೆದು ಸಹಿ ಹಾಕಿದಳು. ಮೇಡಂ ಅದನ್ನು ಓದಿ ಹಾಗೇ ಮೇಲಿನವರಿಗೆ ಕಳಿಸಿದರು. ಅದಕ್ಕಿಂತ ಕಷ್ಟದ್ದು ಭೇಟಿಯ ದಿನ ಕಾದಿತ್ತು. ಅಜ್ಜಿಯ ಮಗಳು ನಗುನಗುತ್ತಲೇ ಎದ್ದು ಬಂದಳು.

“ಅವತ್ತು ನಿನ್ನ ಕಣ್ಣಿಗೆ ಕಂಡಿದ್ದೇ ನಿಜ,” ಎಂದಳು ನರ್ಸ್. “ಬಂದ ದಿನ ಬಿಟ್ರೆ ನಿಮ್ಮಮ್ಮನ್ನ ನಾನು ತೂಗಿರಲೇ ಇಲ್ಲ. ಹದಿಮೂರು ಕೆ.ಜಿ. ಇಳಿದಿದ್ದಾರೆ. ತಪ್ಪು ನನ್ನದು.”

ಮಗಳ ಮುಖದ ನಗು ಆರಿತು. ಬೈದರೆ ಬೈಸಿಕೊಳ್ಳಲು ನರ್ಸ್ ಸಿದ್ಧಳಾಗಿಯೇ ಬಂದಿದ್ದಳು. ಮಗಳು ಬೈಯಲಿಲ್ಲ.

“ಈಗ ಎಷ್ಟಿದ್ದಾಳೆ?”

“ಹಾಲು, ಮೊಟ್ಟೆ ಶುರುಮಾಡಿದ್ದೀವಿ. ಇವತ್ತು ಬೆಳಿಗ್ಗೆ ನಲವತ್ತೆರಡು.”

“ಇದನ್ನ ನಾನು ಹೇಗೆ ನಂಬಲಿ?”

ನರ್ಸ್ ಒಳಗೆ ಹೋದಳು. ತೂಕದ ಯಂತ್ರವನ್ನು ತಾನೇ ಎತ್ತಿಕೊಂಡು ಎರಡು ಗೇಟು ದಾಟಿ ಬಂದು, ಅಜ್ಜಿ ಕೂತಿದ್ದ ಕಡೆ ಗಾಜಿನ ಪಕ್ಕದಲ್ಲಿ, ಮುಳ್ಳು ಆಚೆಯಿದ್ದ ಮಗಳಿಗೆ ಕಾಣುವ ಹಾಗೆ ಇಟ್ಟಳು. ಅಜ್ಜಿ ಚಪ್ಪಲಿ ಬಿಟ್ಟು ಹತ್ತಿದಳು. ಮಗಳು ಗಾಜಿಗೆ ಹಣೆಯೊತ್ತಿ ಬಗ್ಗಿ ನೋಡಿದಳು. ನರ್ಸ್ ರಿಜಿಸ್ಟರ್ ಬಿಚ್ಚಿ ಪೆನ್ನು ಹಿಡಿದು ಕಾದಳು. ಮಗಳು ಅಂಕಿಯನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಬರೆದುಕೊಂಡಳು.