ಮಾವ ವಾಕಿಂಗ್ ಹೋಗುವವರೆಗೆ

ಶುಕ್ರವಾರ ಸಂಜೆ ಬೆಣ್ಣೆಯ ಡಬ್ಬಿಗೆ ಚಮಚ ಹಾಕಿದರೆ ಅದು ಸರ್ರನೆ ತಳ ಮುಟ್ಟಿತು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಸ್ವಲ್ಪವಾದರೂ ಸತಾಯಿಸುತ್ತದೆ. ಸೊಸೆ ಕೈಯನ್ನು ಫ್ರಿಜ್ಜಿನೊಳಗಿಟ್ಟು ನೋಡಿದಳು. ದೀಪ ಉರಿಯುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಹಿಂದಿನಿಂದ ಟಿಕ್ ಎಂದು ಸದ್ದು, ಚೂರು ಗುಂಯ್, ಮತ್ತೆ ಟಿಕ್, ಆಮೇಲೆ ಏನೂ ಇಲ್ಲ.

ಬೆಣ್ಣೆ ಹಾಳಾಗಿ ಹೋಗಲಿ, ಮೇಲಿನ ಫ್ರೀಜರಿನಲ್ಲಿ ಹಾಲಿತ್ತು. ಅಂಗಡಿಯ ಹಾಲಲ್ಲ, ಅವಳದೇ ಎದೆಹಾಲು. ಸೋಮವಾರ ಅವಳು ಕೆಲಸಕ್ಕೆ ಮರಳಬೇಕಿತ್ತು. ಅವಳ ಕೆಲಸ ಸಿಟಿ ಬಸ್ಸು ಓಡಿಸುವುದು. ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೆ ಸ್ಟೀರಿಂಗ್ ಬಿಟ್ಟೇಳುವಂತಿಲ್ಲ. ಡಬ್ಬಿ ಹಾಲಿನ ಪುಡಿಯನ್ನು ಎರಡು ಸಲ ಕುಡಿಸಿ ನೋಡಿದ್ದಾಯಿತು, ಎರಡು ಸಲವೂ ಮಗು ಕಕ್ಕಿ, ಮೈತುಂಬ ಕೆಂಪು ದದ್ದು ಎಬ್ಬಿಸಿಕೊಂಡು ಮನೆಯವರನ್ನೆಲ್ಲ ಆಸ್ಪತ್ರೆಗೆ ಓಡಿಸಿತ್ತು. ಹಾಗಾಗಿ ಅವಳು ವಾರಗಟ್ಟಲೆ, ಮಗು ಕುಡಿದು ಮಿಕ್ಕಿದ್ದನ್ನು ಪಂಪಿನಲ್ಲಿ ಹಿಂಡಿ, ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ತುಂಬಿ, ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದ್ದಳು. ಹೆರಿಗೆ ರಜೆಯನ್ನು ಆಗಲೇ ಒಮ್ಮೆ ವಿಸ್ತರಿಸಿಕೊಂಡಿದ್ದಳು. ಇನ್ನೊಂದು ದಿನ ಕೇಳಿದರೆ ಅವಳ ರೂಟು ಬೇರೆಯವರ ಪಾಲು ಎಂದು ಡಿಪೋದವರು ನೆಟ್ಟಗೆ ಹೇಳಿದ್ದರು.

ಬೇರೆ ಮನೆಯಾಗಿದ್ದರೆ ಮೆಕ್ಯಾನಿಕ್‌ಗೆ ಒಂದು ಫೋನು ಮಾಡಿ ಮುಗಿಸುತ್ತಿದ್ದರು. ಇದು ಅಂಥ ಮನೆಯಲ್ಲ. ಇದು ರಿಪೇರಿ ಮಾವನ ಮನೆ.

ಬೀದಿಗೆ ಬೀದಿಯೇ ಅವರನ್ನು ಕರೆಯುವುದು ಹಾಗೆ. ಜೀವಮಾನವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೆ ಮೂಲೆಯಲ್ಲಿ ಮುಖ ಬಾಡಿಸಿಕೊಂಡು ಕೂರುತ್ತಿದ್ದರು. ಆಗ ಅತ್ತೆ ಒಂದು ಪದ್ಧತಿ ಶುರುಮಾಡಿದರು. ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಮಾವ ಬಿಚ್ಚಬೇಕು, ಒರೆಸಬೇಕು, ಎಣ್ಣೆ ಬಿಟ್ಟು ಮತ್ತೆ ಮುಚ್ಚಬೇಕು. ಆಮೇಲೆ ಸಂಜೆ ಅವರು ವಾಕಿಂಗ್ ಹೋದಾಗ ನಿಜವಾದ ಮೆಕ್ಯಾನಿಕ್ ಹಿಂಬಾಗಿಲಿನಿಂದ ಬಂದು ಸರಿಮಾಡಿ ಹೋಗಬೇಕು. ಮಾವ ಮರಳಿದಾಗ ಎಲ್ಲರೂ, “ಅಬ್ಬಾ, ನಿಮ್ಮ ಕೈಗುಣವೇ ಕೈಗುಣ” ಎನ್ನಬೇಕು. ವಾಷಿಂಗ್ ಮಷೀನು, ಫ್ಯಾನು, ಮಿಕ್ಸಿ, ಎಲ್ಲವೂ ಹೀಗೇ ಸರಿಯಾದವು. ಮೆಕ್ಯಾನಿಕ್‌ನ ನಂಬರು ಎಲ್ಲರ ಫೋನಿನಲ್ಲೂ ‘ಚಿಕ್ಕಮ್ಮ’ ಎಂಬ ಹೆಸರಿನಲ್ಲಿತ್ತು. ದಪ್ಪ ಮೀಸೆಯ ಆ ಮನುಷ್ಯನಿಗೆ ಅದು ಗೊತ್ತಿತ್ತು, ಅವನಿಗೆ ಬೇಜಾರೂ ಇರಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅತ್ತೆ ಹೇಳುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಇದು ಮುದ್ದಾಗಿ ಕಂಡಿತ್ತು. ಎಂಥ ಒಳ್ಳೆಯ ಜನ ಎಂದುಕೊಂಡಿದ್ದಳು. ಈಗ ಅವಳಿಗೆ ಆ ಹಾವನ್ನೂ ಕೋಲನ್ನೂ ಒಟ್ಟಿಗೆ ಕಿಟಕಿಯಾಚೆ ಎಸೆಯಬೇಕು ಅನ್ನಿಸುತ್ತಿತ್ತು. ಯಾಕೆಂದರೆ ಮಾವನ ಮೊಣಕಾಲು ಊದಿತ್ತು. ವಾರದಿಂದ ಅವರು ವಾಕಿಂಗ್ ಹೋಗಿರಲಿಲ್ಲ.

“ಫ್ರಿಜ್ಜಾ? ಬಿಡಮ್ಮ, ನಾನಿದ್ದೀನಲ್ಲ” ಎಂದು ಮಾವ ಕುಂಟುತ್ತ ಬಂದರು.

ನ್ಯಾಯವಾಗಿ ಹೇಳಬೇಕೆಂದರೆ ಅವರು ಮಾಡಿದ್ದು ಯಾವುದೂ ತಪ್ಪಲ್ಲ. ಮೊದಲು ಪ್ಲಗ್ಗು ಕಿತ್ತು ಬೇರೆ ಸಾಕೆಟ್ಟಿಗೆ ಹಾಕಿ ನೋಡಿದರು. ಒಳಗಿನ ಗುಂಡಿಯನ್ನು ಯಾರಾದರೂ ತಿರುಗಿಸಿಬಿಟ್ಟಿದ್ದಾರೆಯೇ ಎಂದು ಪರೀಕ್ಷಿಸಿದರು. ಬಾಗಿಲಿನ ರಬ್ಬರಿಗೆ ಒಂದು ಕಾಗದ ಸಿಕ್ಕಿಸಿ, ಬಾಗಿಲು ಮುಚ್ಚಿ, ಎಳೆದು ನೋಡಿದರು. ಕಾಗದ ಬಿಗಿಯಾಗಿ ಕೂತಿತ್ತು, ಅಂದರೆ ಗಾಳಿ ಸೋರುತ್ತಿಲ್ಲ. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಸಿದರು. ಹಿಂದಿನ ಕಪ್ಪು ಜಾಲರಿಯ ಮೇಲೆ ಕಂಬಳಿಯಷ್ಟು ದಪ್ಪ ಧೂಳು. “ನೋಡಿದ್ಯಾ? ಉಸಿರು ಕಟ್ಟಿದೆ ಪಾಪ ಇದಕ್ಕೆ” ಎಂದು ಬ್ರಷ್ ಹಿಡಿದು ಕೂತರು. ತೊಂದರೆ ಏನೆಂದರೆ ಅವರದು ಹೊಲಿಗೆ ಯಂತ್ರದ ಗತಿ. ಒಂದು ಕೆಲಸ ಮುಗಿದ ಮೇಲೆ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕು, ಗುಣ ಕಂಡಿತೋ ಇಲ್ಲವೋ ಕಾದು ನೋಡಬೇಕು, ಆಮೇಲೆ ಮುಂದಿನದು. ಹೀಗೆ ಶುಕ್ರವಾರ ಕಳೆದು ಶನಿವಾರವೂ ಮುಗಿಯುತ್ತ ಬಂತು. ಟಿಕ್ ಎನ್ನುವ ಸದ್ದು ಮಾತ್ರ ಅಣಕಿಸುವವರ ಹಾಗೆ ಕೇಳುತ್ತಲೇ ಇತ್ತು.

“ಯಾರೂ ಬಾಗಿಲು ತೆಗೀಬೇಡಿ” ಎಂದು ಮಾವ ಅಪ್ಪಣೆ ಹೊರಡಿಸಿದ್ದರು. “ಮುಚ್ಚಿದ್ರೆ ಫ್ರೀಜರಿನ ಗಡ್ಡೆ ಅಷ್ಟು ಬೇಗ ಕರಗಲ್ಲ. ತೆಗೆದ್ರೆ ಹೋಯ್ತು.”

ಇದೂ ಸರಿಯಾದ ಮಾತೇ. ಸರಿಯಾದ ಮಾತುಗಳೇ ಸೇರಿ ಮನುಷ್ಯನನ್ನು ಹೇಗೆ ಹಳ್ಳಕ್ಕೆ ಕೆಡವುತ್ತವೆ ಎಂಬುದನ್ನು ಆ ಎರಡು ದಿನ ಸೊಸೆ ಕಂಡುಕೊಂಡಳು.

ಶನಿವಾರ ಸಂಜೆ ಅಡುಗೆಮನೆಯಲ್ಲಿ ಅವಳು ಗಂಡನನ್ನು ಹಿಡಿದು ನಿಲ್ಲಿಸಿದಳು. “ಚಿಕ್ಕಮ್ಮನಿಗೆ ಫೋನ್ ಮಾಡಿ.”

“ಅಪ್ಪ ಮನೇಲೇ ಇದಾರಲ್ಲೇ.”

“ಇರ್ಲಿ. ಹಾಲು ಕರಗಿದ್ರೆ ನಿಮ್ಮಪ್ಪ ಹಿಂಡಿ ಕೊಡ್ತಾರಾ?”

“ಮೆಲ್ಲಗೆ, ಮೆಲ್ಲಗೆ” ಎಂದು ಗಂಡ ಕೈಮುಗಿದ. ಅಪ್ಪನನ್ನು ಹೇಗಾದರೂ ಒಂದು ಗಂಟೆ ಹೊರಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟ. ಹೋಗಿ, ಕ್ಷೌರ ಮಾಡಿಸಿಕೊಂಡು ಬರೋಣವೇ ಎಂದು ಕೇಳಿದ. ಮಾವ ತಮ್ಮ ಬೋಳುತಲೆಯನ್ನು ಸವರಿಕೊಂಡು ಮಗನ ಮುಖವನ್ನೇ ನೋಡಿದರು. ಡಾಕ್ಟರಿಗೆ ಮೊಣಕಾಲು ತೋರಿಸೋಣ ಎಂದ. ನಿನ್ನೆ ತಾನೇ ತೋರಿಸಿದ್ದಾಗಿತ್ತು. ಸುಮ್ಮನೆ ಗಾಳಿ ಸೇವನೆಗೆ ಎಂದ. “ಈ ಕಾಲು ಎಳ್ಕೊಂಡು, ಫ್ರಿಜ್ಜು ಬಿಟ್ಟು ಎಲ್ಲಿಗೂ ಬರಲ್ಲ” ಎಂದು ಮಾವ ಕುರ್ಚಿಯನ್ನು ಅದರ ಪಕ್ಕಕ್ಕೇ ಎಳೆದುಕೊಂಡು ಕೂತರು. ಗಂಡ ಬರಿಗೈಯಲ್ಲಿ ಅಡುಗೆಮನೆಗೆ ವಾಪಸಾದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಸೊಸೆಗೆ ಬೇಸರವಾಯಿತು.

“ಹಾಗಾದ್ರೆ ಪೊಟ್ಟಣಗಳನ್ನಾದ್ರೂ ಎದುರುಮನೆ ಫ್ರಿಜ್ಜಲ್ಲಿ ಇಟ್ಟು ಬರ್ತೀನಿ” ಎಂದಳು.

ಅತ್ತೆ ತಡೆದರು. “ಅಯ್ಯೋ ಬೇಡಮ್ಮ. ಅವರ ಕಣ್ಣೆದುರಿಗೇ ಹೊತ್ಕೊಂಡು ಹೋದ್ರೆ, ನಿಮ್ಮ ಕೈಲಿ ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗಲ್ವಾ? ಒಂದು ರಾತ್ರಿ ತಡ್ಕೋ. ಗಡ್ಡೆ ಕಟ್ಟಿರೋ ಹಾಲು ಎಲ್ಲಿಗೆ ಹೋಗುತ್ತೆ?”

ಸೊಸೆ ತಡೆದುಕೊಂಡಳು. ಜನ ತುಂಬಿದ ಬಸ್ಸನ್ನು ಇಕ್ಕಟ್ಟಿನ ಬೀದಿಯಲ್ಲಿ ಹಿಂದಕ್ಕೆ ತೆಗೆಯಬಲ್ಲ, ಅಡ್ಡ ಬಂದ ಲಾರಿಯವನ ಜನ್ಮ ಜಾಲಾಡಬಲ್ಲ ಹೆಂಗಸು ತನ್ನ ಮನೆಯ ಫ್ರಿಜ್ಜಿನ ಮುಂದೆ ಬಾಯಿಗೆ ಬೀಗ ಹಾಕಿಕೊಂಡಳು. ಒಳ್ಳೆಯ ಸೊಸೆ ಎನ್ನಿಸಿಕೊಳ್ಳುವ ಚಟ ಅಷ್ಟು ಕೆಟ್ಟದ್ದು.

ಭಾನುವಾರ ಮಧ್ಯಾಹ್ನ ಮಗುವನ್ನು ಮಲಗಿಸಿ ಬರುವಾಗ ಅವಳ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಅಡುಗೆಮನೆಯಲ್ಲಿ ಮಾವ ಫ್ರಿಜ್ಜಿನ ಹಿಂದೆ ನೆಲದ ಮೇಲೆ ಊದಿದ ಕಾಲು ಚಾಚಿ ಕೂತಿದ್ದರು. ಕೆಳಗಿನ ತಗಡು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಗಡಿಗೆಯಂಥ ಕಂಪ್ರೆಸರ್ ಕಾಣುತ್ತಿತ್ತು, ಅದರ ಪಕ್ಕಕ್ಕೆ ವೈರುಗಳು ಸೇರುವ ಒಂದು ಕಪ್ಪು ಪೆಟ್ಟಿಗೆ. ಮಾವನ ಸ್ಕ್ರೂಡ್ರೈವರ್ ಆ ಪೆಟ್ಟಿಗೆಯ ಕಡೆಗೆ ಹೋಗುತ್ತಿತ್ತು. ಸೊಸೆ ಗೋಡೆಯತ್ತ ನೋಡಿದಳು. ಪ್ಲಗ್ಗು ಸಾಕೆಟ್ಟಿನಲ್ಲೇ ಇತ್ತು, ಸ್ವಿಚ್ಚು ಆನ್ ಇತ್ತು.

“ಕೈ ತೆಗೀರಿ!”

ಬಸ್ಸಿನಲ್ಲಿ ಫುಟ್‌ಬೋರ್ಡಿಗೆ ನೇತಾಡುವವರಿಗೆ ಕೂಗುವ ದನಿ ಅದು. ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆಯೂ ಗಂಡನೂ ಓಡಿ ಬಂದರು. ಅವಳು ಪ್ಲಗ್ಗು ಕಿತ್ತು ಎಸೆದಳು. ಕಿತ್ತಿದ್ದೇ ತಡ, ಒಳಗೆ ಕಟ್ಟಿಟ್ಟುಕೊಂಡಿದ್ದೂ ಕಿತ್ತುಕೊಂಡು ಬಂತು.

“ಸಾಕು ಮಾವ! ಧೂಳು ಒರೆಸಿದ್ರಿ, ಸರಿ. ರಬ್ಬರ್ ನೋಡಿದ್ರಿ, ಸರಿ. ಅಷ್ಟಕ್ಕೂ ಜಗ್ಗಲಿಲ್ಲ ಅಂದ್ಮೇಲೆ ಬಿಟ್ಟುಬಿಡ್ಬೇಕಿತ್ತು. ಸುಟ್ಟ ವಾಸನೆ ಬರ್ತಿದೆ, ಕರೆಂಟ್ ಇದೆ, ಅದಕ್ಕೆ ಸ್ಕ್ರೂಡ್ರೈವರ್ ಹಾಕ್ತೀರಾ? ಇದು ಹೊಲಿಗೆ ಮಷೀನಲ್ಲ! ವಾಷಿಂಗ್ ಮಷೀನೂ ನೀವು ಸರಿ ಮಾಡಿಲ್ಲ. ಫ್ಯಾನೂ ಮಾಡಿಲ್ಲ, ಮಿಕ್ಸೀನೂ ಮಾಡಿಲ್ಲ. ಎಲ್ಲಾ ಮೆಕ್ಯಾನಿಕ್ ಬಂದು ಮಾಡಿದ್ದು, ನೀವು ವಾಕಿಂಗ್ ಹೋದಾಗ!”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡ ನೆಲ ನೋಡಿದ. ಮಾವ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು.

“ಗೊತ್ತಮ್ಮ” ಎಂದರು. “ಆ ಮೀಸೆ ಚಿಕ್ಕಮ್ಮನ್ನ ಕರೀರಿ ಈಗ.”

ಮೂವರೂ ಕಣ್ಣರಳಿಸಿ ಅವರನ್ನೇ ನೋಡಿದರು.

“ಏನು ಹಾಗೆ ನೋಡ್ತೀರಿ? ಬಟ್ಟೆ ಒಗೆಯೋ ಮಷೀನಿಗೆ ಹೊಸ ಬೆಲ್ಟು ತಾನಾಗೇ ಹುಟ್ಟುತ್ತಾ? ನಾನೇನು ಕುರುಡನಾ? ನೀವು ಕರೀಲಿ ಅಂತಾನೇ ನಾನು ವಾಕಿಂಗಿಗೆ ಹೋಗ್ತಿದ್ದೆ. ಅವನ ಗಾಡಿ ತಿರುವಿನಲ್ಲಿ ನಿಂತಿದ್ರೆ ಇನ್ನೊಂದು ಸುತ್ತು ಹಾಕಿ ಬರ್ತಿದ್ದೆ. ನಿಮಗೆ ಅದೊಂದು ಸಂತೋಷ, ಇರ್ಲಿ ಅಂದ್ಕೊಂಡೆ.”

“ಮತ್ತೆ ಈ ಎರಡು ದಿನ?” ಸೊಸೆ ಕೇಳಿದಳು.

“ಕಾಲು ನೆಟ್ಟಗಿದ್ದಿದ್ರೆ ಶುಕ್ರವಾರವೇ ಹೋಗ್ತಿದ್ದೆ. ಮಗು ಹಾಲಿನ ವಿಷಯ, ಇವತ್ತು ಕರೀತಾರೆ, ಈಗ ಕರೀತಾರೆ ಅಂತ ಕಾದೆ. ಕರೀಲಿಲ್ಲ, ಅದಕ್ಕೇ ಇವತ್ತು ನಾನೇ ಕೈ ಹಾಕಿದೆ. ನನ್ನ ಮರ್ಯಾದೆ ಮಗು ಹಾಲಿಗಿಂತ ದೊಡ್ಡದು ಅಂತ ನಿಮಗೆ ಯಾರು ಹೇಳಿದ್ದು?”

“ನೀವೇ ಒಂದು ಮಾತು ಕರೀರಿ ಅನ್ನಬಹುದಿತ್ತಲ್ಲ ಮಾವ!”

ಮಾವ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ತಗಡಿನ ಮೇಲಿಟ್ಟರು. “ಅನ್ನಬಹುದಿತ್ತು” ಎಂದರು ಕೊನೆಗೆ. “ಬಾಯಿ ಬರಲಿಲ್ಲ.”

ಮೆಕ್ಯಾನಿಕ್ ಅಭ್ಯಾಸಬಲದಿಂದ ಹಿಂಬಾಗಿಲಿಗೇ ಬಂದ. ಮಾವ ಕುರ್ಚಿಯಲ್ಲಿ ಕೂತಿದ್ದು ನೋಡಿ, ಅಡ್ರೆಸ್ ತಪ್ಪಿ ಬಂದವನಂತೆ ಹಿಂದೆ ಸರಿದ. “ಬಾರಪ್ಪ, ನಾಟಕ ಮುಗೀತು” ಎಂದರು ಮಾವ. ಅವನು ಒಂದು ಮೀಟರು ಹಚ್ಚಿ ನೋಡಿದ, ಕಪ್ಪು ಪೆಟ್ಟಿಗೆಯಿಂದ ಬೆರಳುಗಾತ್ರದ ಒಂದು ಬಿಡಿಭಾಗ ಕಿತ್ತು ಅಲ್ಲಾಡಿಸಿದ. ಒಳಗೆ ಏನೋ ಗಿಲಗಿಲ ಎಂದಿತು. ಕಂಪ್ರೆಸರನ್ನು ಎಬ್ಬಿಸುವ ರಿಲೇ ಇದು, ಸುಟ್ಟಿದೆ ಎಂದ. “ಟಿಕ್ ಟಿಕ್ ಅಂತ ಶುರುವಾದ ದಿನವೇ ಕರೆದಿದ್ರೆ ಚಹಾ ಕುಡಿಯೋಷ್ಟರಲ್ಲಿ ಮುಗಿಯೋ ಕೆಲಸ. ಕಂಪ್ರೆಸರಿಗೂ ವೈರಿಗೂ ಮನೆಯವರು ಕೈ ಹಾಕ್ಬಾರ್ದು ಯಜಮಾನ್ರೇ, ಜೀವಕ್ಕೇ ಬರುತ್ತೆ.” ಹೊಸದನ್ನು ಕೂಡಿಸಿದ. ಫ್ರಿಜ್ಜು ಒಮ್ಮೆ ನಡುಗಿ, ಏನೂ ಆಗಿಲ್ಲ ಎಂಬಂತೆ ಗುಂಯ್‌ಗುಟ್ಟತೊಡಗಿತು.

ಸೊಸೆ ಆಗ ಫ್ರೀಜರಿನ ಬಾಗಿಲು ತೆಗೆದಳು. ಮೇಲಿನ ಪೊಟ್ಟಣವನ್ನು ಬೆರಳಿಂದ ಒತ್ತಿದಳು. ಅದು ಬಳುಕಿತು. ಅದರ ಕೆಳಗಿನದೂ ಬಳುಕಿತು. ಒಂದೊಂದಾಗಿ ತೆಗೆಯುತ್ತ ಹೋದಳು. ಹೆಚ್ಚಿನವು ಪೂರ್ತಿ ನೀರಾಗಿ ತಂಪು ಕಳೆದುಕೊಂಡಿದ್ದವು. ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ಎರಡು ಮೂರರ ನಡುವೆ ಮಾತ್ರ ಚೂರು ಗಡ್ಡೆ ಉಳಿದಿತ್ತು, ಅವನ್ನೂ ನಂಬುವಂತಿರಲಿಲ್ಲ. ಕರಗಿ ತಂಪು ಕಳೆದ ಹಾಲನ್ನು ಮಗುವಿಗೆ ಕೊಡುವಂತಿಲ್ಲ, ಮತ್ತೆ ಹೆಪ್ಪುಗಟ್ಟಿಸುವಂತೆಯೂ ಇಲ್ಲ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಅವಳು ಪೊಟ್ಟಣಗಳ ಮೂಲೆ ಕತ್ತರಿಸಿ ಸಿಂಕಿಗೆ ಸುರಿಯತೊಡಗಿದಳು. ಕಣ್ಣಿಗೆ ಕತ್ತಲು ಕವಿದರೂ ಎದ್ದು ಕೂತು ಹಿಂಡಿದ ಹಾಲು ಅದು. ನಲ್ಲಿಯ ನೀರಿನ ಜೊತೆ ಬೆಳ್ಳಗೆ ಸುತ್ತಿ ಸುತ್ತಿ ಹೋಯಿತು.

ಮಾವ ಕುಂಟುತ್ತ ಬಂದು ಪಕ್ಕದಲ್ಲಿ ನಿಂತರು. “ಬೈಯಮ್ಮ ನನಗೆ” ಎಂದರು.

“ಸುಮ್ನಿರಿ ಮಾವ.”

“ಇಲ್ಲ, ಬೈ. ಈ ಮನೇಲಿ ಯಾರೂ ಬೈಯದೇ ಇದ್ದಿದ್ದಕ್ಕೇ ಇಷ್ಟಾಯ್ತು.”

ಅವಳು ಬೈದಳು. ಮೊದಲು ಮಾವನಿಗೆ, ಗೊತ್ತಿದ್ದೂ ಕೂತಿದ್ದಕ್ಕೆ. ಆಮೇಲೆ ಗಂಡನಿಗೆ, ಅವನ ಕ್ಷೌರದ ಬುದ್ಧಿಗೆ. “ಅವಳನ್ನೂ ಬಿಡ್ಬೇಡ” ಎಂದು ಮಾವ ಕಣ್ಣಲ್ಲೇ ತೋರಿಸಿದಾಗ ಅತ್ತೆಗೂ, ಅವರ ಹಾವಿಗೂ ಕೋಲಿಗೂ. ಬೈಯುತ್ತ ಬೈಯುತ್ತ ಎಲ್ಲರ ಸರದಿ ಮುಗಿದು, ಉಳಿದವಳು ತಾನೊಬ್ಬಳೇ ಎಂದು ತಿಳಿದಾಗ ಅವಳಿಗೆ ಅಳು ಬಂತು. ನಿನ್ನೆ ಸಂಜೆ ಈ ಬಾಗಿಲಿಗೂ ಎದುರುಮನೆಗೂ ನಡುವೆ ಒಂದು ಬೀದಿಯಷ್ಟೇ ಇತ್ತು. ಅದನ್ನು ದಾಟದೇ ನಿಂತವಳು ಅವಳೇ.

ಒಳಗೆ ಮಗು ಎದ್ದು ಅಳತೊಡಗಿತು. ಹಾಲಿನ ಹೊತ್ತಾಗಿತ್ತು. ಅವಳು ಕೈ ಒರೆಸಿಕೊಂಡು ಹೋಗಿ ಎತ್ತಿಕೊಂಡಳು, ಎದೆಗೆ ಹಚ್ಚಿಕೊಂಡಳು. ಅಳು ತಟ್ಟನೆ ನಿಂತಿತು. ಬಾಗಿಲ ಬಳಿ ಮೂವರೂ ಬಂದು ನಿಂತಿದ್ದರು. ನಾಳೆ ಹಾಲಿನ ಹೊತ್ತಿಗೆ ಅವಳು ಬಸ್ಸಿನಲ್ಲಿರುತ್ತಾಳೆ, ಮಗು ಇವರ ಕೈಯಲ್ಲಿರುತ್ತದೆ. ವಾರಗಟ್ಟಲೆ ಕೂಡಿಟ್ಟ ಹಾಲು ಮಾತ್ರ ಇರುವುದಿಲ್ಲ.